ಎದ್ದು ಹೋದವರ ಪಟ್ಟಿ

ನಮ್ಮ ಜನಕ್ಕೆ ಚೆನ್ನಾಗಿ ಬರುವ ವಿದ್ಯೆ ಒಂದೇ, ಎದ್ದು ಹೋಗುವುದು. ಮೀನು ಹಿಡಿಯಲು ಬೇರೆಯವರಿಗೂ ಬರುತ್ತದೆ, ದೋಣಿ ಕಟ್ಟುವವರು ಬೇರೆ ಕಡೆಯೂ ಇದ್ದಾರೆ. ಆದರೆ ತಮ್ಮ ನೆಲ ಕೈಬಿಟ್ಟು ಹೋಗುತ್ತಿರುವಾಗ ಅದನ್ನು ತಡೆಯಲೆಂದೇ ಎದ್ದು ಹೊರಗೆ ಹೋಗಿ ಬೆನ್ನು ತಿರುಗಿಸಿ ಕೂರುವ ಜನ ಈ ಭೂಮಿಯ ಮೇಲೆ ನಾವೊಬ್ಬರೇ ಇರಬೇಕು.

ಪದ್ಧತಿ ಹೀಗಿದೆ. ನಮ್ಮ ಕೂಟದಲ್ಲಿ ಯಾರ ಮುಖಕ್ಕೂ ನೇರವಾಗಿ ‘ಬೇಡ’ ಅನ್ನುವಂತಿಲ್ಲ. ಒಬ್ಬ ಮಾತು ಎತ್ತುತ್ತಾನೆ. ಒಪ್ಪದವರು ಮನೆಯಿಂದ ತಂದ ತಮ್ಮ ತಮ್ಮ ಮಣೆ ಎತ್ತಿಕೊಂಡು ಹೊರಗೆ ಹೋಗಿ ಕಡಲಿಗೆ ಮುಖ ಮಾಡಿ ಕೂರುತ್ತಾರೆ. ಮಾತು ಎತ್ತಿದವನು ಅವರ ಹಿಂದೆಯೇ ಹೋಗಬೇಕು. ಪಕ್ಕದಲ್ಲಿ ಕೂತು, ‘ಏನು ಸರಿಯಿಲ್ಲ, ಹೇಳು’ ಎಂದು ಕೇಳಬೇಕು. ಅವರಿಗೆ ಹೇಳುವ ಅವಸರವೇನಿಲ್ಲ. ಹೇಳುವವರೆಗೆ ಇವನು ಕಾಯಬೇಕು. ಕೇಳಿಸಿಕೊಂಡು, ಮಾತನ್ನು ತಿದ್ದಿ, ಎಲ್ಲ ಮಣೆಗಳೂ ಮತ್ತೆ ಒಂದೇ ಕಡೆ ಸೇರಿದ ಮೇಲಷ್ಟೇ ತೀರ್ಮಾನ. ಒಂದೇ ಒಂದು ಮಣೆ ಬೇರೆ ಕಡೆ ಇದ್ದರೂ ತೀರ್ಮಾನವಿಲ್ಲ. ಕೇಳಲು ಚೆನ್ನಾಗಿದೆ. ಎದುರಿಗೆ ಕೂತವನೂ ನಮ್ಮವನೇ ಆಗಿದ್ದ ಕಾಲದಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು.

ಮುತ್ತಜ್ಜನ ಕಾಲದಲ್ಲಿ ಅಳತೆಯ ದೊರೆಯೊಬ್ಬ ಬಂದ. ಊರಿನ ಮೇಲಿನ ಗುಡ್ಡ, ಗುಡ್ಡದ ಸೆಲೆ, ಸೆಲೆಯ ಸುತ್ತಲಿನ ಮರ ಎಲ್ಲವನ್ನೂ ಸರ್ಕಾರದ್ದು ಎಂದು ಬರೆದ ಕಾಗದವನ್ನು ಕೂಟದಲ್ಲಿ ಓದಿಸಿದ. ಊರಿಗೆ ಊರೇ ಸಿಟ್ಟಿಗೆದ್ದು, ಗಂಡು ಹೆಣ್ಣು ಎಂಬತ್ತಮೂರು ಮಂದಿ ಮಣೆ ಎತ್ತಿಕೊಂಡು ಹೊರಗೆ ಹೋಗಿ ಕೂತರು. ದೊರೆ ಬಂದು ಕೇಳಲಿ ಎಂದು ಸೂರ್ಯ ಮುಳುಗುವವರೆಗೆ ಕಾದರು. ಅವನು ಒಳಗೆ ಕೂತು ಕಾಗದದ ಕೊನೆಯಲ್ಲಿ ಒಂದು ಸಾಲು ಸೇರಿಸಿದ: ‘ಹಾಜರಿದ್ದವರಲ್ಲಿ ಯಾರೂ ಆಕ್ಷೇಪಿಸಲಿಲ್ಲ.’ ಅದರಲ್ಲಿ ಸುಳ್ಳೇನಿಲ್ಲ. ಆಗ ಹಾಜರಿದ್ದವರು ಮೂವರು: ದೊರೆ, ಅವನ ದುಭಾಷಿ, ಅವನಿಗೆ ಕೊಡೆ ಹಿಡಿಯುವವನು.

ಆ ಕಾಗದಕ್ಕೆ ನಮ್ಮವರು ಗಾಜಿನ ಚೌಕಟ್ಟು ಹಾಕಿಸಿ ಸಭಾಭವನದ ಗೋಡೆಗೆ ತೂಗುಹಾಕಿದ್ದಾರೆ. ಕೈ ಕಡಿದ ಕತ್ತಿಗೆ ಬೇರೆಯವರು ಹೀಗೆ ಮರ್ಯಾದೆ ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ವಾರಕ್ಕೊಮ್ಮೆ ಅದರ ದೂಳು ಒರೆಸುವ ಕೆಲಸ ನನ್ನದು.

ನನ್ನ ಉಳಿದ ಕೆಲಸ ನಡಾವಳಿ ಬರೆಯುವುದು. ಹದಿನೆಂಟು ವರ್ಷದಿಂದ ನಾನು ಈ ಕೂಟದ ಕಾರ್ಯದರ್ಶಿ. ಬರೆಯುವವಳು ಎದ್ದು ಹೋಗುವ ಹಾಗಿಲ್ಲ, ಪುಸ್ತಕ ಮೇಜಿನ ಮೇಲಿರುತ್ತದೆ, ಕೈ ಪುಸ್ತಕದ ಮೇಲಿರುತ್ತದೆ ಎಂದು ನಾನೇ ನನಗೆ ಹೇಳಿಕೊಂಡು ಬಂದಿದ್ದೇನೆ. ಹಾಗಾಗಿ ಹದಿನೆಂಟು ವರ್ಷದಲ್ಲಿ ನಡೆದ ಎಲ್ಲ ಮಂಗಾಟಕ್ಕೂ ನಾನು ಹಾಜರು. ಸೆಲೆಯ ನೀರನ್ನು ನಳದಲ್ಲಿ ವಾರಕ್ಕೆ ಎರಡು ದಿನ ಮಾತ್ರ ಬಿಡುವುದಕ್ಕೆ ನಾವು ಒಪ್ಪಿದಾಗ ಹಾಜರು. ಈ ಸಭಾಭವನವನ್ನು ಒಪ್ಪಿದಾಗಲೂ ಹಾಜರು.

ಸಭಾಭವನವೆಂದರೆ ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗಿದೆ. ನೂರಿಪ್ಪತ್ತು ಮಂದಿಯ ಊರಿಗೆ ಇಲಾಖೆ ಕಟ್ಟಿಸಿಕೊಟ್ಟ ಕಟ್ಟಡ. ಕಿಟಕಿಗಳೆಲ್ಲ ಗುಡ್ಡದ ಕಡೆಗೆ, ಕಡಲ ಕಡೆಗೆ ಬರೀ ಗೋಡೆ ಮತ್ತು ಒಂದು ಬಾಗಿಲು. ಒಳಗೆ ಎಂಬತ್ತು ನೀಲಿ ಪ್ಲಾಸ್ಟಿಕ್ ಕುರ್ಚಿ, ಎಲ್ಲವನ್ನೂ ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದಾರೆ. ಕಳ್ಳತನ ಆಗಬಾರದಂತೆ. ಮಣೆ ಇಡಲು ಒಳಗೆ ಜಾಗವೇ ಇಲ್ಲದ್ದರಿಂದ ಜನ ಈಗ ಮಣೆಗಳನ್ನು ಚಪ್ಪಲಿ ಬಿಟ್ಟ ಹಾಗೆ ಹೊರಗೆ ಮರಳಿನ ಮೇಲೆ ಸಾಲಾಗಿಟ್ಟು ಒಳಗೆ ಬರುತ್ತಾರೆ. ಎದ್ದು ಹೋಗುವುದು ಇನ್ನೂ ಸಲೀಸಾಯಿತು. ಒಳಗೆ ಮಣೆ ಇರುವುದು ನನಗೊಬ್ಬಳಿಗೇ. ಬೋಲ್ಟು ಹಾಕಿದ ಕುರ್ಚಿ ಬರೆಯುವ ಮೇಜಿನ ಹತ್ತಿರ ಬರುವುದಿಲ್ಲ, ಅದಕ್ಕೆ ಅಮ್ಮನ ಮಣೆ ತಂದಿಟ್ಟುಕೊಂಡಿದ್ದೇನೆ. ಅದು ಗಿಡ್ಡ. ದೋಣಿ ಬಡಗಿಯನ್ನು ಕರೆಸಿ ಮೇಜಿನ ಕಾಲುಗಳನ್ನೇ ಗೇಣುದ್ದ ಕೊಯ್ಯಿಸಿದೆ.

ನಮ್ಮ ಈಗಿನ ಅಧ್ಯಕ್ಷ ನನ್ನ ತಮ್ಮ. ಊರಿನಲ್ಲಿ ಅವನಿಗೆ ಕೋಟು ಎಂದು ಹೆಸರು, ಯಾಕೆಂದರೆ ಅಧ್ಯಕ್ಷನಾದ ದಿನದಿಂದ ಕೋಟು ಬಿಟ್ಟಿಲ್ಲ. ಬೆವರು ಕಾಲರಿನಿಂದ ಇಳಿದು ತೊಟ್ಟಿಕ್ಕಿದರೂ ಬಿಡುವುದಿಲ್ಲ. ಅದಕ್ಕೂ ಮೊದಲು ಅವನ ಹೆಸರು ವಾಂತಿ. ಕಡಲಿಗೆ ಹೋದರೆ ಸಾಕು, ದೋಣಿಯ ಅಂಚು ಹಿಡಿದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕುತ್ತಿದ್ದ. ಮೀನುಗಾರನ ಮಗನಿಗೆ ಇದಕ್ಕಿಂತ ಅವಮಾನವಿಲ್ಲ. ಮೂವತ್ತು ವರ್ಷದವನಾಗುವವರೆಗೂ ಮಕ್ಕಳು ಕೂಡ ಅವನನ್ನು ಹಾಗೆಯೇ ಕರೆಯುತ್ತಿದ್ದರು. ಆ ಹೆಸರು ಇಟ್ಟವಳು ನಾನೇ. ಆಗ ನನಗೆ ಹದಿನಾಲ್ಕು, ಬಹಳ ಜಾಣೆ ಎಂದುಕೊಂಡಿದ್ದೆ.

ಸಭೆಗೆ ಎರಡು ದಿನ ಮೊದಲು ಅವನು ನನ್ನ ಅಡಿಗೆಮನೆಗೆ ಬಂದ. ನಾನು ಪಾತ್ರೆ ತಿಕ್ಕುತ್ತಿದ್ದೆ. ಬಾಗಿಲಿಗೆ ಒರಗಿ ನಿಂತು, ಕೋಟಿನ ಗುಂಡಿಯನ್ನು ಹಾಕಿ ತೆಗೆದು ಮಾಡಿದ.

“ಅಕ್ಕ, ನಾಡಿದ್ದು ಇಲಾಖೆಯವರು ಬರ್ತಾರೆ. ನೀನೇನೂ ತಲೆ ಕೆಡಿಸ್ಕೋಬೇಡ. ನಡಾವಳಿ ಅವರೇ ಬರ್ಕೊಂಡು ತರ್ತಾರೆ. ನೀನು ಪುಸ್ತಕಕ್ಕೆ ಇಳಿಸಿ ಒಂದು ಸಹಿ ಹಾಕು, ಮುಗೀತು.”

ವಿಷಯ ಇಷ್ಟು. ಸಭಾಭವನದ ಬಾಗಿಲ ಎದುರಿಗೇ, ಎರಡು ಬಂಡೆಸಾಲುಗಳ ನಡುವೆ, ನಲವತ್ತು ಹೆಜ್ಜೆ ಅಗಲದ ಮರಳ ದಂಡೆ ಇದೆ. ದೋಣಿಗಳನ್ನು ದಡಕ್ಕೆ ಎಳೆಯಲು ಇರುವ ಜಾಗ ಅದೊಂದೇ. ಉಳಿದೆಡೆ ಎಳೆಯಲು ಹೋದರೆ ಕೈಗೆ ಬರುವುದು ಸೌದೆ. ಆ ದಂಡೆಯನ್ನು ಮೂವತ್ತು ವರ್ಷಕ್ಕೆ ಒಂದು ಕಂಪನಿಗೆ ಬಿಟ್ಟುಕೊಡುವುದು, ಅಲ್ಲಿ ಮೋಜಿನ ದೋಣಿಗಳಿಗೆ ಕಟ್ಟೆ ಕಟ್ಟುವುದು ಎಂದು ಇಲಾಖೆಯ ಯೋಜನೆ. ಅದಕ್ಕೆ ಕೂಟದ ಒಪ್ಪಿಗೆ ಬೇಕು. ಒಪ್ಪಿಗೆ ಎಂದರೆ ಕಾರ್ಯದರ್ಶಿಯ ಸಹಿ ಇರುವ ನಡಾವಳಿ.

“ನಮ್ಮವರು ದೋಣಿ ಎಲ್ಲಿ ಎಳೀಬೇಕು?” ಎಂದು ಕೇಳಿದೆ.

“ಬೇರೆ ಜಾಗ ತೋರಿಸ್ತಾರಂತೆ.”

“ಎಲ್ಲಿ?”

“ತೋರಿಸ್ತಾರಂತೆ ಅಂದ್ನಲ್ಲ.”

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನು ಮೊದಲಿನಿಂದಲೂ ಗಟ್ಟಿಗ. “ಜನ ಒಪ್ಪಲ್ಲ ಕಣೋ,” ಎಂದೆ.

“ಯಾರು ಒಪ್ಪಲ್ಲ ಅಂದಿದ್ದು? ಒಬ್ರಾದ್ರೂ ಬಾಯಿಬಿಟ್ಟು ಹೇಳಿದಾರಾ?”

ಪಾತ್ರೆ ಕೆಳಗಿಟ್ಟೆ. ಅಳತೆಯ ದೊರೆಗೆ ಗೊತ್ತಿರಲಿಲ್ಲ, ಇಲಾಖೆಯವನಿಗೂ ಗೊತ್ತಿಲ್ಲ, ಅವರನ್ನು ಬಿಡಿ. ಆದರೆ ಇವನು ನನ್ನ ಬೆನ್ನ ಮೇಲೆ ಬೆಳೆದವನು. ಎದ್ದು ಹೋಗುವುದೆಂದರೆ ಏನೆಂದು ಅವನಿಗೆ ತಾಯಿಯ ಹಾಲಿನ ಜೊತೆಯೇ ಗೊತ್ತು. ಗೊತ್ತಿದ್ದೇ ಕೇಳಿದ. ಆ ಕ್ಷಣ ನನಗೆ ಅವನ ಮೇಲೆ ಹುಟ್ಟಿದ ತಿರಸ್ಕಾರ ಎಷ್ಟೆಂದರೆ, ಬೈಯಲು ಕೂಡ ಮನಸ್ಸಾಗಲಿಲ್ಲ.

ಹೊಸಿಲು ದಾಟುವಾಗ ಅವನು ತಿರುಗಿ ಹೇಳಿದ: “ಆ ದಂಡೆ ನಿಮಗೆಲ್ಲ ಏನೇನು ಕೊಟ್ಟಿದೆಯೋ ಗೊತ್ತಿಲ್ಲ. ನನಗೆ ಒಂದು ಅಡ್ಡಹೆಸರು ಕೊಟ್ಟಿದೆ, ಅಷ್ಟೆ.”

ಕೈ ಒರೆಸಿಕೊಂಡು ಅತ್ತೆಯ ಮನೆಗೆ ಹೋದೆ. ಅತ್ತೆ ಎಂದರೆ ಅಪ್ಪನ ಅಕ್ಕ, ಎಪ್ಪತ್ತೊಂಬತ್ತು ವರ್ಷ, ಬಲೆ ಹೆಣೆಯುವವಳು. ಊರಿನಲ್ಲಿ ಅವಳು ಎದ್ದರೆ ಉಳಿದವರು ಏಳುತ್ತಾರೆ, ಅವಳು ಕೂತರೆ ಕೂರುತ್ತಾರೆ. ಹರಿದ ಬಲೆಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಗಂಟು ಹಾಕುತ್ತಿದ್ದಳು. ನಾನು ಎಲ್ಲ ಹೇಳಿದೆ.

“ಈ ಸಲ ಏಳಬೇಡಿ ಅತ್ತೆ. ಒಳಗೇ ಕೂತು ಬಾಯಲ್ಲಿ ಬೇಡ ಅನ್ನಿ. ಒಂದೇ ಮಾತು. ನಾನು ಬರ್ಕೋತೀನಿ.”

“ಕೂತ್ರೆ ಒಪ್ಪಿದ ಹಾಗಲ್ವೇನೇ?”

“ಅವರ ಲೆಕ್ಕದಲ್ಲಿ ಎದ್ದು ಹೋದ್ರೇ ಒಪ್ಪಿದ ಹಾಗೆ.”

“ಅವರ ಲೆಕ್ಕಕ್ಕೆ ನಾನ್ಯಾಕೆ ಕೂರ್ಲಿ?” ಎಂದಳು ಅತ್ತೆ, ದಾರವನ್ನು ಹಲ್ಲಿನಿಂದ ಕಡಿಯುತ್ತ. ಹಲ್ಲು ಇರುವುದು ನಾಲ್ಕು, ದಾರಕ್ಕೆ ಸಾಕು.

“ಗುಡ್ಡ ಹೋಯ್ತಲ್ಲ ಅತ್ತೆ, ಹೀಗೇ.”

“ಹೋಯ್ತು. ನಮ್ಮಜ್ಜಿ ಎದ್ದು ಹೋದ್ಲು ಅಂತ ಹೋಗ್ಲಿಲ್ಲ. ಆ ದೊರೆ ಎದ್ದು ಬರ್ಲಿಲ್ಲ ಅಂತ ಹೋಯ್ತು. ತಪ್ಪು ಮಾಡಿದವನನ್ನ ಬಿಟ್ಟು ನಮ್ಮಜ್ಜಿಗೆ ಬುದ್ಧಿ ಹೇಳೋಕೆ ಬಂದಿದೀಯಲ್ಲ.” ಅವಳು ನನ್ನ ಮುಖ ನೋಡಿದಳು. “ನೀನು ಹದಿನೆಂಟು ವರ್ಷದಿಂದ ಕೂತೇ ಇದೀಯ. ಎಲ್ಲಾದಕ್ಕೂ ಒಪ್ಪಿದೀಯ ಅಂತ ತಿಳ್ಕೊಂಡಿದೀನಿ ನಾನು.”

“ನಾನು ಬರೆಯೋಳು ಅತ್ತೆ.”

“ಬರಿ,” ಎಂದು ಅವಳು ಮತ್ತೆ ಬಲೆಗೆ ಬಗ್ಗಿದಳು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೆ. ಹಟಮಾರಿ ಮುದುಕಿ, ಕಡಲು ಮನೆಯೊಳಗೆ ಬಂದರೂ ಮಣೆ ಎಲ್ಲಿ ಇಡಲಿ ಎಂದು ಯೋಚಿಸುವವಳು. ಬೈಗುಳ ಮುಗಿದ ಮೇಲೂ ಅವಳ ಕೊನೆಯ ಮಾತು ಮಾತ್ರ ಹಾಗೆಯೇ ಉಳಿಯಿತು.

ಸಭೆಯ ದಿನ ಇಲಾಖೆಯವನು ಬಿಳಿ ಜೀಪಿನಲ್ಲಿ ಬಂದ. ಬೂಟಿಗೆ ಮರಳು ಹತ್ತಬಾರದೆಂದು ಜೀಪನ್ನು ಬಾಗಿಲ ತನಕ ತರಿಸಿದ. ಮರಳಿನ ಮೇಲೆ ಸಾಲಾಗಿ ಇಟ್ಟಿದ್ದ ಮಣೆಗಳನ್ನು ಕಂಡು, “ಓ, ಸಂಜೆ ಗಾಳಿಗೆ ಕೂರೋಕೆ ಮಾಡ್ಕೊಂಡಿದೀರಾ, ಒಳ್ಳೇದು,” ಎಂದು ಮೆಚ್ಚಿದ. ಬಾಗಿಲಲ್ಲಿ ಹಾಜರಿ ಹಾಳೆ ಹಿಡಿದು ಎಲ್ಲರಿಂದಲೂ ಸಹಿ ಅಥವಾ ಹೆಬ್ಬೆಟ್ಟು ಪಡೆದ. ನನ್ನನ್ನೂ ಸೇರಿಸಿ ಅರವತ್ತನಾಲ್ಕು. ಆಮೇಲೆ ಹಿಂದಿನ ಸಾಲಿನಿಂದ ಒಂದು ಫೋಟೊ ತೆಗೆದ, ತುಂಬಿದ ನೀಲಿ ಕುರ್ಚಿಗಳು, ಮುಂದೆ ಕೋಟು ತೊಟ್ಟ ಅಧ್ಯಕ್ಷ. ಫೋಟೊ ನೋಡಿದರೆ ಯಾರಿಗಾದರೂ ನಮ್ಮಂಥ ಒಪ್ಪಿಗೆಯ ಜನ ಇನ್ನೊಬ್ಬರಿಲ್ಲ ಅನ್ನಿಸಬೇಕು.

ತಮ್ಮ ಎದ್ದು ನಿಂತು ಮಾತು ಎತ್ತಿದ. ಅಭಿವೃದ್ಧಿ, ಅವಕಾಶ, ಮುಂದಿನ ಪೀಳಿಗೆ ಎಂಬ ಪದಗಳನ್ನು ಯಾರೋ ಅವನಿಗೆ ಬರೆದುಕೊಟ್ಟಿದ್ದರು. ಅವಕಾಶಕ್ಕೆ ಬಂದಾಗ ಒಮ್ಮೆ ತೊದಲಿದ. ಅವನು ಮುಗಿಸುವ ಮೊದಲೇ ಅತ್ತೆ ಎದ್ದಳು. ಮೊಣಕಾಲು ಹಿಡಿದುಕೊಂಡು, ಮುಂದಿನ ಕುರ್ಚಿಯ ಬೆನ್ನನ್ನು ಆಸರೆ ಮಾಡಿಕೊಂಡು, ನಿಧಾನಕ್ಕೆ ಬಾಗಿಲು ದಾಟಿದಳು. ಅವಳ ಹಿಂದೆ ದೋಣಿ ಬಡಗಿ. ಆಮೇಲೆ ಸಾಲು ಸಾಲೇ ಖಾಲಿಯಾಯಿತು. ಒಬ್ಬರೂ ಒಂದು ಮಾತು ಆಡಲಿಲ್ಲ. ಒಳಗೆ ಉಳಿದವರು ಒಂಬತ್ತು: ತಮ್ಮ, ಕಟ್ಟೆಯಲ್ಲಿ ಕಾವಲುಗಾರರ ಕೆಲಸ ಸಿಗುತ್ತದೆಂದು ಆಸೆಬಿದ್ದಿದ್ದ ಕೂಟದ ಸಮಿತಿಯ ಏಳು ಜನ, ಮತ್ತು ನಾನು.

“ಊಟದ ಹೊತ್ತಾಯ್ತು ಅನ್ಸುತ್ತೆ ಅವರಿಗೆ,” ಎಂದ ಇಲಾಖೆಯವನು ಗಡಿಯಾರ ನೋಡಿ.

ಬೆಳಗಿನ ಹತ್ತು ಗಂಟೆ. ನನ್ನ ತಮ್ಮ ನೆಲ ನೋಡುತ್ತಿದ್ದ.

“ಇರ್ಲಿ, ಹಾಜರಿ ಅರವತ್ತನಾಲ್ಕು ಇದೆಯಲ್ಲ, ಸಾಕು. ವಿರೋಧ ಯಾರೂ ಹೇಳಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತಾರೆ.” ಅವನು ತಾನು ತಂದಿದ್ದ ಕಾಗದವನ್ನು ನನ್ನ ಕಡೆ ಸರಿಸಿದ. “ಬರ್ಕೊಳ್ಳಿ ಅಮ್ಮ. ಸಭೆಯಲ್ಲಿ ಹಾಜರಿದ್ದವರಲ್ಲಿ ಯಾರೂ ಆಕ್ಷೇಪಿಸದ ಕಾರಣ, ಸರ್ವಾನುಮತದಿಂದ...”

ನನ್ನ ಕೈ ಬರೆಯತೊಡಗಿತ್ತು. ‘ಹಾಜರಿದ್ದವರಲ್ಲಿ ಯಾರೂ’ ಎಂದು ಬರೆದು ತಲೆ ಎತ್ತಿದರೆ ಎದುರಿನ ಗೋಡೆಯಲ್ಲಿ ಅದೇ ಸಾಲು. ನಾನೇ ಮೊನ್ನೆ ಒರೆಸಿದ ಗಾಜು, ಒಂದು ಅಕ್ಷರವೂ ಮಸುಕಿಲ್ಲ. ಆ ದೊರೆಯ ಕಾಗದವನ್ನು ನೋಡಿ ಇಷ್ಟು ವರ್ಷ ಮುತ್ತಜ್ಜನನ್ನು, ಅತ್ತೆಯ ಅಜ್ಜಿಯನ್ನು, ಎಂಬತ್ತಮೂರು ಮಂದಿಯನ್ನೂ ದಡ್ಡರೆಂದು ಹೀಯಾಳಿಸಿದ್ದೇನೆ. ಆ ಸಾಲು ಬರೆದ ಕೈಯನ್ನು ಒಮ್ಮೆಯೂ ದೂರಿರಲಿಲ್ಲ. ಈಗ ಅದು ನನ್ನ ಕೈ. ಆ ದಡ್ಡರಾದರೂ ಎದ್ದಿದ್ದರು.

ಪೆನ್ನಿನ ಮುಚ್ಚಳ ಹಾಕಿದೆ. ನಡಾವಳಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೆ. ಬಗ್ಗಿ ಅಮ್ಮನ ಮಣೆ ಎತ್ತಿಕೊಂಡೆ.

“ಅಕ್ಕ, ಕೂತ್ಕೊ,” ಎಂದ ತಮ್ಮ. ಧ್ವನಿ ಬಹಳ ಸಣ್ಣದಾಗಿತ್ತು.

“ಎಲ್ಲಿಗೆ ಹೋಗ್ತಿದಾರೆ ಇವರು?” ಎಂದು ಇಲಾಖೆಯವನು ಕೇಳಿದ. “ಪುಸ್ತಕ ಬಿಟ್ಟು ಹೋಗಿ ಅಮ್ಮ. ಕಾರ್ಯದರ್ಶಿ ಇಲ್ಲದೆ ಸಭೆ ಹೇಗೆ ಮುಗಿಸೋದು?”

ನಾನು ಬಾಗಿಲು ದಾಟಿದೆ. ನಮ್ಮಲ್ಲಿ ಮುಖಕ್ಕೆ ಮುಖ ಕೊಟ್ಟು ಹೇಳುವ ರೂಢಿಯಿಲ್ಲ.

ಹೊರಗೆ ಐವತ್ತೈದು ಬೆನ್ನುಗಳು. ನಾನು ಮಣೆ ಹಿಡಿದು ಬರುವುದನ್ನು ಕಂಡು ಅತ್ತೆ ತನ್ನ ಮಣೆಯನ್ನು ಸ್ವಲ್ಪ ಸರಿಸಿ ಜಾಗ ಮಾಡಿದಳು. “ಕಾಲು ಮರಗಟ್ಟಿತ್ತೇನೋ,” ಎಂದಳು, ಅಷ್ಟೆ. ಇಲಾಖೆಯವನು ಬಾಗಿಲ ತನಕ ಬಂದ, ಮರಳು ನೋಡಿದ, ಬೂಟು ನೋಡಿದ. ಹೊಸಿಲಿನ ಆಚೆ ಕಾಲಿಡಲಿಲ್ಲ. ಎರಡು ಹೆಜ್ಜೆ ಬಂದು ‘ಏನು ಸರಿಯಿಲ್ಲ’ ಎಂದು ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಕೇಳಲಿಲ್ಲ. ಸಭೆ ಅಪೂರ್ಣ ಎಂದು ವರದಿ ಬರೆಯುವುದಾಗಿಯೂ, ಮುಂದಿನ ತಿಂಗಳು ದೊಡ್ಡ ಸಾಹೇಬರನ್ನೇ ಕರೆತರುವುದಾಗಿಯೂ ತಮ್ಮನಿಗೆ ಗದರಿ ಜೀಪು ಹತ್ತಿದ. ಸಮಿತಿಯ ಏಳು ಜನ ಅದೇ ಜೀಪಿನ ದೂಳಿನ ಹಿಂದೆ ಮನೆ ಸೇರಿದರು.

ನಾನು ತೊಡೆಯ ಮೇಲೆ ಪುಸ್ತಕ ಬಿಚ್ಚಿ ಅರ್ಧ ಬರೆದ ಸಾಲನ್ನು ಹೊಡೆದುಹಾಕಿದೆ. ಕೆಳಗೆ ಬರೆದು ಗಟ್ಟಿಯಾಗಿ ಓದಿದೆ: “‘ಈ ಕೆಳಗಿನವರು ಒಪ್ಪದೆ ಎದ್ದು ಹೊರಗೆ ಹೋದರು.’ ನಾನು ಹೆಸರು ಬರೀತೀನಿ, ಒಬ್ಬೊಬ್ಬರಾಗಿ ಹೇಳಿ.”

ಅತ್ತೆ ಎದ್ದಳು. ಮಣೆ ಎತ್ತಿಕೊಂಡು ಹತ್ತು ಹೆಜ್ಜೆ ಮುಂದೆ, ನೀರು ಕಾಲಿಗೆ ತಾಗುವಷ್ಟು ಹತ್ತಿರ ಹೋಗಿ, ನನಗೆ ಬೆನ್ನು ಹಾಕಿ ಕೂತಳು.

ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಇನ್ನೂ ಮುಂದೆ ಹೋಗಲು ಕಡಲು ಬಿಟ್ಟರೆ ಜಾಗವಿರಲಿಲ್ಲ. ಆದರೆ ಮಾತು ಎತ್ತಿದವಳು ನಾನು. ಹೋಗಿ ಪಕ್ಕದಲ್ಲಿ ಮಣೆ ಹಾಕಿ ಕೂತು, ಹಲ್ಲು ಕಚ್ಚಿಕೊಂಡು ಕೇಳಿದೆ: “ಏನು ಸರಿಯಿಲ್ಲ, ಹೇಳಿ.”

ಅವಳು ಅವಸರ ಮಾಡಲಿಲ್ಲ. ಎರಡು ಮೂರು ಅಲೆ ಬಂದು ಹೋದವು.

“ಹೊರಗೆ ಹೋದರು ಅಂತ ಯಾಕೆ ಬರೀತೀಯ? ಕೋಣೆ ಒಳಗಿನಿಂದ ನೋಡೋನು ಹಾಗೆ ಬರೀತಾನೆ. ನೀನು ಈಗ ಎಲ್ಲಿದೀಯ?”

“ಇಲ್ಲಿ.”

“ಇಲ್ಲಿ ಅಂದ್ರೆ?”

“ದಂಡೆ ಮೇಲೆ.”

“ಅದನ್ನ ಬರಿ. ನಾವು ಯಾವತ್ತೂ ಎದ್ದು ಹೋಗಿಲ್ಲ ಕಣೆ. ಇಲ್ಲಿಗೆ ಬಂದು ಕೂತಿದೀವಿ.”

ನೂರು ವರ್ಷದಿಂದ ನಮ್ಮ ಜನರನ್ನು ಪುಸ್ತಕಗಳು ಗೈರುಹಾಜರೆಂದೇ ತಿಳಿದಿವೆ. ಅದರಲ್ಲಿ ಹದಿನೆಂಟು ವರ್ಷದ ಪುಸ್ತಕಗಳು ನನ್ನ ಕೈಬರಹದವು. ನನಗೆ ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಸಾಲನ್ನು ಹೊಡೆದು ಹೊಸದಾಗಿ ಬರೆದೆ: ‘ದಂಡೆ ಬಿಟ್ಟುಕೊಡಲು ಒಪ್ಪದ ಈ ಕೆಳಗಿನವರು ದೋಣಿ ಎಳೆಯುವ ದಂಡೆಯಲ್ಲಿ ಹಾಜರಿದ್ದಾರೆ.’ ಅತ್ತೆ ಕೇಳಿಸಿಕೊಂಡು, ಮಣೆ ಎತ್ತಿಕೊಂಡು ಎಲ್ಲರ ಜೊತೆ ಬಂದು ಕೂತಳು. ಹೆಸರುಗಳನ್ನು ಬರೆದೆ. ದೋಣಿ ಬಡಗಿ ತನ್ನ ಹೆಸರಿನ ಜೊತೆ ಎಷ್ಟು ದೋಣಿ ಕಟ್ಟಿದ್ದಾನೆಂದೂ ಬರೆಯಬೇಕೆಂದ. ಬರೆಯಲಿಲ್ಲ. ಕೊನೆಯಲ್ಲಿ ನನ್ನದು ಹಾಕಿದೆ, ಐವತ್ತಾರು.

ಇನ್ನೇನು ಸಹಿ ಹಾಕಬೇಕು, ಹಿಂದೆ ಮರಳಿನಲ್ಲಿ ಹೆಜ್ಜೆಯ ಸದ್ದು. ತಮ್ಮ ಬರುತ್ತಿದ್ದ. ಮನೆಗೆ ಹೋಗಿ ಅಪ್ಪನ ಮಣೆ ತಂದಿದ್ದ. ಅದನ್ನು ಅವನು ವರ್ಷಗಳಿಂದ ಫ್ರಿಜ್ಜಿನ ಕೆಳಗೆ ಇಟ್ಟಿದ್ದನೆಂದು ನನಗೆ ಗೊತ್ತು. ಒಬ್ಬನೇ ಹೇಗೆ ಎಳೆದು ತೆಗೆದನೋ, ಕೋಟಿನ ತೋಳು ಹರಿದಿತ್ತು. ಬುದ್ಧಿ ಬಂತಲ್ಲ ಕೊನೆಗೂ ಎಂದುಕೊಂಡು ಅವನ ಹೆಸರಿಗೆ ಐವತ್ತೇಳು ಎಂದು ಸಂಖ್ಯೆಯನ್ನೂ ಹಾಕಿದೆ.

ಅವನು ನಮ್ಮ ಸಾಲಿಗೆ ಬರಲಿಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿ ಮಣೆ ಹಾಕಿ, ನಮಗೂ ಕಡಲಿಗೂ ಬೆನ್ನು ಮಾಡಿ, ಗುಡ್ಡಕ್ಕೆ ಮುಖ ತಿರುಗಿಸಿ ಕೂತ.

ಎಲ್ಲರೂ ತಿರುಗಿ ನೋಡಿದರು. ನಾನು ಪೆನ್ನನ್ನು ಕಾಗದಕ್ಕೆ ಒತ್ತಿದೆ. “ಐವತ್ತಾರು ಸಾಕು,” ಎಂದೆ. “ಊರು ಮಾರೋಕೆ ಹೊರಟವನನ್ನ ಯಾರು ಕೇಳ್ತಾರೆ.”

“ಒಂದು ಮಣೆ ಬೇರೆ ಕಡೆ ಇದೆ,” ಎಂದಳು ಅತ್ತೆ.

“ಅತ್ತೆ, ಅವನು...”

“ಮಾತು ಎತ್ತಿದೋಳು ನೀನು. ಹೋಗಿ ಕೇಳು.”

ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಬರೆಯಲು ಬಾರದ ಹೆಂಗಸು ಅದನ್ನು ಬಲೆಯ ಸೂಜಿಯಂತೆ ತಲೆಗೂದಲಿಗೆ ಸಿಕ್ಕಿಸಿಕೊಂಡು ಕಡಲು ನೋಡುತ್ತ ಕೂತಳು. ಐವತ್ತೈದು ಮಂದಿ ಕಾಯತೊಡಗಿದರು. ಅವರಿಗೆ ಬೇರೆ ಕೆಲಸವಿಲ್ಲ.

ಮಣೆ ಎತ್ತಿಕೊಂಡು ಹೋದೆ. ಅವನ ಪಕ್ಕದಲ್ಲಿ ಹಾಕಿ ಕೂತೆ. ಹತ್ತಿರದಿಂದ ಅವನ ಕೋಟು ಬೆವರು ವಾಸನೆ ಹೊಡೆಯುತ್ತಿತ್ತು, ಕಿವಿಯ ಹಿಂದೆ ಕೂದಲು ಬೆಳ್ಳಗಾಗಿತ್ತು. ಈ ಊರಿನ ಕೂಟದಲ್ಲಿ ಅವನನ್ನು ಯಾರಾದರೂ ಎಂದಾದರೂ ಈ ಪ್ರಶ್ನೆ ಕೇಳಿದ್ದನ್ನು ಬರೆದಿದ್ದೇನೆಯೇ ಎಂದು ಹದಿನೆಂಟು ವರ್ಷದ ಪುಸ್ತಕಗಳನ್ನು ಮನಸ್ಸಿನಲ್ಲೇ ತಿರುವಿದೆ. ಸಿಗಲಿಲ್ಲ.

“ಏನು ಸರಿಯಿಲ್ಲ, ಹೇಳು,” ಎಂದೆ.

ಅವನು ಗುಡ್ಡ ನೋಡುತ್ತಿದ್ದ. ಕೋಟಿನ ಗುಂಡಿಯನ್ನು ಹಾಕಿದ, ತೆಗೆದ. ಹೇಳುವವರೆಗೆ ಕಾಯಬೇಕು, ನಿಯಮ ಅದು. ನಾನು ಮಣೆಯ ಮೇಲೆ ಸರಿಯಾಗಿ ಕೂತೆ. ಕೂರುವುದರಲ್ಲಿ ನನಗೆ ಹದಿನೆಂಟು ವರ್ಷದ ಅಭ್ಯಾಸವಿದೆ.